ಬೆಳಗ್ಗೆ ನೆಟ್ಟಗೆ, ಮಧ್ಯಾಹ್ನ ಕದಡಿ: ಹಾಸನದ ಲ್ಯಾಬೊಂದರ ರೆನಾಲ್ಡ್ಸ್ ಪ್ರಯೋಗ, ಒಂದು ಪ್ರಕರಣ ಅಧ್ಯಯನ

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬು, ಫೆಬ್ರವರಿ ತಿಂಗಳು. ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆ ಬಿಟ್ಟು, ಹರಿವು ನೆಟ್ಟಗಿದೆಯೋ ಕದಡಿದೆಯೋ ಎಂದು ನೋಡುವ ರೆನಾಲ್ಡ್ಸ್ ಪ್ರಯೋಗದ ಯಂತ್ರಕ್ಕೆ ಒಂದೇ ದಿನ ಎರಡು ಬ್ಯಾಚು. ಬೆಳಗಿನ ಬ್ಯಾಚಿನವರು ವಾಲ್ವನ್ನು ಒಂದು ಗುರುತಿಗೆ ನಿಲ್ಲಿಸಿ ಎರಡು ಲೀಟರ್ ನೀರು ಹಿಡಿದರು: 59 ಸೆಕೆಂಡು ಚಿಲ್ಲರೆ, ಅಂದರೆ ಸೆಕೆಂಡಿಗೆ 33.7 ಮಿ.ಲೀ. ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಕೊಂಚ ತೂಗಾಡಿದರೂ ಕೊನೆಯವರೆಗೆ ಎಳೆಯಾಗಿಯೇ ಉಳಿಯಿತು. ರೆಕಾರ್ಡಿನಲ್ಲಿ ಬಿದ್ದದ್ದು: ರೆನಾಲ್ಡ್ಸ್ ಸಂಖ್ಯೆ (ನೀರಿನ ವೇಗ ಗುಣಿಸು ಕೊಳವೆಯ ವ್ಯಾಸ, ಭಾಗಿಸು ನೀರಿನ ವಿಸ್ಕಾಸಿಟಿ) 1,716, ಲ್ಯಾಮಿನಾರ್, ಅಂದರೆ ಕದಡದ ಹರಿವು. ಮಧ್ಯಾಹ್ನದ ಬ್ಯಾಚಿಗೆ ಅದೇ ಗುರುತು, ಅದೇ ಹರಿವು, ರೆಕಾರ್ಡಿನಲ್ಲಿ ಅದೇ 1,716. ಆದರೆ ಬಣ್ಣ ಆಗಾಗ ಇದ್ದಕ್ಕಿದ್ದಂತೆ ಕೊಳವೆಯ ತುಂಬ ಕದಡಿ, ಮತ್ತೆ ತಾನಾಗಿ ಎಳೆಯಾಗುತ್ತಿತ್ತು. “ವಾಲ್ವ್ ಮುಟ್ಟೇ ಇಲ್ಲ ಸಾರ್” ಎಂಬುದು ಅವರ ವಾದ. ಅವರು ಹೇಳಿದ್ದು ನಿಜವೇ ಆಗಿತ್ತು.

ಇಂಥ ಸಂದರ್ಭದಲ್ಲಿ ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಸಂಖ್ಯೆ 2000 ದಾಟಿದರೆ ಹರಿವು ಕದಡುತ್ತದೆಂಬ ಪುಸ್ತಕದ ಮಾತಿಗೆ ಹೊಂದುವ ರೀಡಿಂಗ್ ಉಳಿಯುತ್ತದೆ, ಹೊಂದದ್ದು ರಬ್ಬರಿಗೆ ಹೋಗುತ್ತದೆ. ಈ ಪ್ರಕರಣದಲ್ಲಿ ಹಾಗೆ ಮಾಡದೆ ಯಂತ್ರವನ್ನು ತುಂಡುತುಂಡಾಗಿ ಪರೀಕ್ಷಿಸಲಾಯಿತು.

ಯಂತ್ರ ಹೀಗಿತ್ತು. 60 ಸೆಂ.ಮೀ. ಚೌಕದ ತೊಟ್ಟಿ, ಕೊಳವೆಯ ಮಟ್ಟದಿಂದ ಅರ್ಧ ಮೀಟರ್ ಎತ್ತರಕ್ಕೆ ನೀರು. ಒಂದೂವರೆ ಮೀಟರ್ ಉದ್ದದ ಗಾಜಿನ ಕೊಳವೆ, ಕೊನೆಯಲ್ಲಿ ವಾಲ್ವ್. ಸ್ಟ್ಯಾಂಡಿನ ಬುಡದಲ್ಲೇ ಬೋಲ್ಟ್ ಹಾಕಿ ಕೂರಿಸಿದ ಅರ್ಧ ಎಚ್‌ಪಿ ಮೋನೋಬ್ಲಾಕ್ ಪಂಪು ಕೆಳಗಿನ ಸಂಪಿನ ನೀರನ್ನು ಎತ್ತಿ ತೊಟ್ಟಿಗೆ ಮೇಲಿನಿಂದ ಸುರಿಯುತ್ತದೆ. ಹೆಚ್ಚಾದದ್ದು ಓವರ್‌ಫ್ಲೋ ಆಗಿ ಸಂಪಿಗೆ ವಾಪಸ್. ಸಂಪು ತುಂಬುವುದು ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ. ಈ ಕಪ್ಪು ಟ್ಯಾಂಕೇ ಅರ್ಧ ಉತ್ತರ.

ಬೆಳಗ್ಗೆ ಒಂಬತ್ತಕ್ಕೆ ತೊಟ್ಟಿಯ ನೀರು 19 ಡಿಗ್ರಿ, ಮಧ್ಯಾಹ್ನ ಎರಡೂವರೆಗೆ 29. ನೀರಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ (ಸಾಂದ್ರತೆಯಿಂದ ಭಾಗಿಸಿದ ಸ್ನಿಗ್ಧತೆ) 19 ಡಿಗ್ರಿಯಲ್ಲಿ ಸೆಕೆಂಡಿಗೆ 1.029 ಚದರ ಮಿ.ಮೀ., 29ರಲ್ಲಿ 0.818. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಮಾತ್ರ ಯಾವ ಕಾಲಕ್ಕೂ 1.0 ಎಂದು ಅಚ್ಚಾಗಿತ್ತು. ಇದರ ಜೊತೆಗೆ ಇನ್ನೊಂದು: ಹೆಸರುಫಲಕದ ಮೇಲೆ ಕೊಳವೆಯ ಒಳವ್ಯಾಸ 25 ಮಿ.ಮೀ. ಕೊಳವೆಯ ಒಂದು ಬಾಯಿಗೆ ಬಿರಡೆ ಹಾಕಿ ನೆಟ್ಟಗೆ ನಿಲ್ಲಿಸಿ, ನೀರು ತುಂಬಿ, ಆ ನೀರನ್ನು ಅಳೆದರೆ ನಿಜ ತಿಳಿಯುತ್ತದೆ. ವ್ಯಾಸ 25 ಆಗಿದ್ದರೆ ಒಂದೂವರೆ ಮೀಟರಿಗೆ 736 ಮಿ.ಲೀ. ಹಿಡಿಯಬೇಕು. ಹಿಡಿದದ್ದು 679. ಅಂದರೆ ವ್ಯಾಸ 24. ವರ್ನಿಯರ್ ಕ್ಯಾಲಿಪರ್ ಬಾಯಂಚನ್ನು ಮಾತ್ರ ಅಳೆಯುತ್ತದೆ, ಗಾಜು ಅಲ್ಲಿ ಕರಗಿ ದುಂಡಾಗಿರುತ್ತದೆ. ನೀರಿನ ಅಳತೆ ಇಡೀ ಉದ್ದದ ಸರಾಸರಿ ಕೊಡುತ್ತದೆ.

ಈಗ ಅದೇ ಹರಿವಿಗೆ ಲೆಕ್ಕ ಮತ್ತೆ ಹಾಕಿದರೆ ಬೆಳಗಿನ ರೆನಾಲ್ಡ್ಸ್ ಸಂಖ್ಯೆ 1,737, ಮಧ್ಯಾಹ್ನದ್ದು 2,186. ಬೆಳಗ್ಗೆ ಎರಡು ತಪ್ಪುಗಳು ಒಂದನ್ನೊಂದು ಹೆಚ್ಚುಕಡಿಮೆ ಹೊಡೆದುಹಾಕಿದ್ದವು: ವಿಸ್ಕಾಸಿಟಿಯ ತಪ್ಪು ಸಂಖ್ಯೆಯನ್ನು ಶೇಕಡಾ 3ರಷ್ಟು ಏರಿಸಿದರೆ, ವ್ಯಾಸದ ತಪ್ಪು ಶೇಕಡಾ 4ರಷ್ಟು ಇಳಿಸಿತ್ತು. ಮಧ್ಯಾಹ್ನ ಎರಡೂ ಒಂದೇ ಕಡೆಗೆ ಎಳೆದವು. ವರ್ಷಗಟ್ಟಲೆ ಈ ದೋಷ ಯಾರ ಕಣ್ಣಿಗೂ ಬೀಳದೆ ಉಳಿಯಲು ಬೆಳಗಿನ ಬ್ಯಾಚಿನ ಈ ಅದೃಷ್ಟವೇ ಕಾರಣ ಎನ್ನಬಹುದು.

1,737 ಮತ್ತು 2,186 ಎರಡರ ನಡುವೆ ಒಂದು ಮುಖ್ಯ ಗೆರೆ ಇದೆ. 2011ರಲ್ಲಿ ಪ್ರಕಟವಾದ ಕೆಲಸವೊಂದು, ಉದ್ದನೆಯ ಕೊಳವೆಯಲ್ಲಿ ಟರ್ಬುಲೆನ್ಸ್, ಅಂದರೆ ಹರಿವಿನ ಕದಡು, ತನ್ನಷ್ಟಕ್ಕೆ ಬದುಕುಳಿಯಬಲ್ಲ ಕನಿಷ್ಠ ರೆನಾಲ್ಡ್ಸ್ ಸಂಖ್ಯೆ ಸುಮಾರು 2,040 ಎಂದು ತೋರಿಸಿತು. ಅದಕ್ಕಿಂತ ಕೆಳಗೆ, ಬಾಯಲ್ಲಿ ನೀರನ್ನು ಎಷ್ಟೇ ಕಲಕಿದರೂ ಹುಟ್ಟಿದ ಗೊಂದಲ ಮುಂದೆ ಸಾಗುತ್ತ ಸಾಯುತ್ತದೆ. ಅದಕ್ಕಿಂತ ಮೇಲೆ, ಸಾಯುವ ಮೊದಲೇ ಅದು ಒಡೆದು ಇನ್ನೊಂದನ್ನು ಹುಟ್ಟಿಸುತ್ತದೆ. ಈ ತುಣುಕುಗಳಿಗೆ ‘ಪಫ್’ ಎಂದು ಹೆಸರು. ಒಂದು ಪಫ್‌ನ ಉದ್ದ ಸುಮಾರು 20 ವ್ಯಾಸ. ಈ ಕೊಳವೆಯಲ್ಲಿ ಅರ್ಧ ಮೀಟರಿನ ಹತ್ತಿರ. ನೀರು ಸೆಕೆಂಡಿಗೆ ಏಳೂವರೆ ಸೆಂ.ಮೀ. ಸಾಗುವಾಗ ಅದು ಒಂದು ಬಿಂದುವನ್ನು ದಾಟಲು ಆರು ಸೆಕೆಂಡಿನಷ್ಟು ಬೇಕು. ಮಧ್ಯಾಹ್ನದ ಹುಡುಗರು ಕಂಡ “ಕದಡಿ ಮತ್ತೆ ಸರಿಯಾಗುವುದು” ಇದೇ. ಓಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದನ್ನೇ ಕಂಡು ‘ಮಿಂಚು’ ಎಂಬ ಅರ್ಥದ ಪದದಿಂದ ಕರೆದಿದ್ದ. ಹಾಗಾಗಿ “ಲ್ಯಾಮಿನಾರೋ ಟರ್ಬುಲೆಂಟೋ, ಒಂದಕ್ಕೆ ಟಿಕ್ ಹಾಕಿ” ಎನ್ನುವ ರೆಕಾರ್ಡ್ ಪುಟವೇ ತಪ್ಪು ಪ್ರಶ್ನೆ ಕೇಳುತ್ತಿದೆ. ಕೇಳಬೇಕಾದ್ದು, ಒಟ್ಟು ಸಮಯದಲ್ಲಿ ಎಷ್ಟು ಪಾಲು ಕದಡಿತ್ತು ಎಂಬುದು.

ಈ ‘ಎಷ್ಟು ಪಾಲು’ ಎಂಬುದರಿಂದಲೇ ಬೆಂಗಳೂರಿನ ಒಬ್ಬ ಎಂಜಿನಿಯರನ ಸಂಶೋಧನಾ ಬದುಕು ಶುರುವಾಯಿತು. ರೊದ್ದಂ ನರಸಿಂಹ ಹುಟ್ಟಿದ್ದು 1933ರಲ್ಲಿ. ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮಾರ್ಗದರ್ಶಿ ಸತೀಶ್ ಧವನ್. ಮುಂದೆ ಇಸ್ರೋ ಅಧ್ಯಕ್ಷರಾದ ಅದೇ ಧವನ್. ಅವರ ಅವಧಿಯಲ್ಲೇ, 1982ರಲ್ಲಿ, ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಬಂತು. ಊರಿನವರಿಗೆ ಧವನ್ ಹೆಸರು ರಾಕೆಟ್ಟಿನ ಜೊತೆ ನೆನಪಾಗುತ್ತದೆ, ಗಾಳಿ ಸುರಂಗದ ಜೊತೆ ಅಲ್ಲ.

ಆ ಹೊತ್ತಿನ ಪ್ರಶ್ನೆ ಇದು. ಚಪ್ಪಟೆ ಹಲಗೆಯ ಮೇಲೆ ಗಾಳಿ ಹರಿದಾಗ ಮೇಲ್ಮೈಗೆ ಅಂಟಿದಂತಿರುವ ತೆಳು ಪದರ, ಅಂದರೆ ಬೌಂಡರಿ ಲೇಯರ್, ಮುಂದಂಚಿನಲ್ಲಿ ಲ್ಯಾಮಿನಾರ್ ಆಗಿದ್ದು ಹಿಂದೆ ಹೋದಂತೆ ಟರ್ಬುಲೆಂಟ್ ಆಗುತ್ತದೆ. ನಡುವಿನ ವಲಯದಲ್ಲಿ ಏನಾಗುತ್ತದೆ? 1951ರಲ್ಲಿ ಎಮ್ಮನ್ಸ್ ಎಂಬ ಸಂಶೋಧಕರು, ತೆಳುವಾಗಿ ಹರಿಯುವ ನೀರಿನ ಮೇಲೆ ಟರ್ಬುಲೆನ್ಸ್ ಅಲ್ಲಲ್ಲಿ ಚುಕ್ಕೆಗಳಾಗಿ ಹುಟ್ಟಿ ಹರಡುತ್ತ ಸಾಗುವುದನ್ನು ಕಂಡಿದ್ದರು. ಚುಕ್ಕೆಗಳು ಹಲಗೆಯ ಉದ್ದಕ್ಕೂ ಎಲ್ಲೆಂದರಲ್ಲಿ ಹುಟ್ಟುತ್ತವೆ ಎಂದು ಲೆಕ್ಕ ಹಾಕಿದರೆ ಬರುವ ವಕ್ರರೇಖೆ, ಗಾಳಿಯ ವೇಗ ಅಳೆಯುವ ಕಾದ ತಂತಿ (ಹಾಟ್-ವೈರ್) ಕೊಟ್ಟದ್ದಕ್ಕೆ ಹೊಂದುತ್ತಿರಲಿಲ್ಲ. 1957ರಲ್ಲಿ ನರಸಿಂಹ ಅವರು ಮುಂದಿಟ್ಟದ್ದು ಸರಳವಾದ ಊಹೆ: ಚುಕ್ಕೆಗಳು ಹುಟ್ಟುವುದು ಹಲಗೆಗೆ ಅಡ್ಡಲಾಗಿರುವ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ, ಆಮೇಲೆ ನಡೆಯುವುದೆಲ್ಲ ಹರಡಿಕೊಳ್ಳುವುದಷ್ಟೇ. ಹೀಗೆ ಹಿಡಿದರೆ, ಒಂದು ಜಾಗ ಎಷ್ಟು ಪಾಲು ಸಮಯ ಟರ್ಬುಲೆಂಟ್ ಎಂಬ ಅಂಶ, ಇಂಟರ್‌ಮಿಟೆನ್ಸಿ, ಹೀಗೆ ಬರುತ್ತದೆ: ಒಂದರಿಂದ, ಘಾತಾಂಕ ಋಣ 0.411 ಗುಣಿಸು ದೂರದ ವರ್ಗ ಇರುವ ಎಕ್ಸ್‌ಪೊನೆನ್ಷಿಯಲನ್ನು ಕಳೆ. ದೂರವನ್ನು ಚುಕ್ಕೆ ಹುಟ್ಟುವ ಪಟ್ಟಿಯಿಂದ ಎಣಿಸಬೇಕು. ಇಂಟರ್‌ಮಿಟೆನ್ಸಿ ಕಾಲು ಭಾಗ ಇರುವ ಜಾಗಕ್ಕೂ ಮುಕ್ಕಾಲು ಇರುವ ಜಾಗಕ್ಕೂ ನಡುವಿನ ಅಂತರವನ್ನು ಒಂದು ಅಳತೆಗೋಲು ಎಂದು ಹಿಡಿಯಬೇಕು. ಆ 0.411 ಬಂದಿರುವುದೂ ಅಳತೆಗೋಲಿನ ಈ ಆಯ್ಕೆಯಿಂದಲೇ. 1958ರಲ್ಲಿ ಧವನ್ ಅವರೊಂದಿಗೆ ಸೇರಿ ಇದನ್ನು ಪೂರ್ಣ ರೂಪದಲ್ಲಿ ಪ್ರಕಟಿಸಿದರು. ಜೆಟ್ ಎಂಜಿನ್ನಿನ ಟರ್ಬೈನ್ ಎಲೆಗಳಲ್ಲಿ ಈ ನಡುವಿನ ವಲಯವೇ ಎಲೆಯ ದೊಡ್ಡ ಭಾಗವನ್ನು ಆವರಿಸಬಹುದಾದ್ದರಿಂದ ವಿನ್ಯಾಸಕಾರರಿಗೆ ಇದು ಇಂದಿಗೂ ಬೇಕು.

ಇಲ್ಲೊಂದು ಎಚ್ಚರಿಕೆ. ಈ ಸೂತ್ರವನ್ನು ಲ್ಯಾಬಿನ ಗಾಜಿನ ಕೊಳವೆಗೆ ಹಾಕಬಾರದು. ಹಲಗೆಯ ಮೇಲಿನ ಚುಕ್ಕೆ ಸಾಗುತ್ತ ಬೆಳೆಯುತ್ತದೆ. 2,200ರ ಆಸುಪಾಸಿನ ಪಫ್ ಸಾಗುತ್ತ ಹೆಚ್ಚುಕಡಿಮೆ ಅದೇ ಉದ್ದದಲ್ಲಿ ಉಳಿಯುತ್ತದೆ. ಬಳಸಬೇಕಾದ್ದು ಅಳೆಯುವ ಪರಿಯನ್ನು, ಸೂತ್ರವನ್ನಲ್ಲ. ಪ್ರಾಜೆಕ್ಟ್ ವರದಿಗಳಲ್ಲಿ ಈ ಎರಡನ್ನು ಬೆರೆಸಿದ್ದು ಆಗಾಗ ಕಾಣುತ್ತದೆ.

ಲ್ಯಾಬಿನಲ್ಲಿ ಅಳೆಯುವ ಪರಿ ಹೀಗೆ ಬದಲಾಯಿತು: ಬಾಯಿಂದ 1.2 ಮೀಟರ್, ಅಂದರೆ 50 ವ್ಯಾಸ ದೂರದಲ್ಲಿ ಕೊಳವೆಗೆ ಕಪ್ಪು ಟೇಪು, ಹಿಂದೆ ಬಿಳಿ ಹಾಳೆ, ಎದುರಿಗೆ ಸ್ಟ್ಯಾಂಡಿನಲ್ಲಿ ಮೊಬೈಲು. ಎರಡು ನಿಮಿಷ ವಿಡಿಯೊ. ಆಮೇಲೆ ಅದನ್ನು ನಿಧಾನ ಓಡಿಸಿ, ಟೇಪಿನ ಬಳಿ ಎಳೆ ಒಡೆದಿದ್ದ ಸೆಕೆಂಡುಗಳನ್ನು ಕೂಡಿ 120ರಿಂದ ಭಾಗಿಸುವುದು. ಎಳೆ ಬಾಗುವುದು, ತೂಗಾಡುವುದು ಲೆಕ್ಕಕ್ಕಿಲ್ಲ; ಬಣ್ಣ ಅಡ್ಡಗಲಕ್ಕೂ ಹರಡಿದ್ದರೆ ಮಾತ್ರ. ಈ ನಿಯಮ ಮೊದಲೇ ಬರೆದಿಡದಿದ್ದರೆ ಇಬ್ಬರು ನೋಡಿದರೆ ಎರಡು ಉತ್ತರ.

ಇಷ್ಟಾದರೂ 2,000ದ ಹತ್ತಿರವೇ ಕದಡಬೇಕೆಂಬ ನಿಯಮವೇನೂ ಇಲ್ಲ. ರೆನಾಲ್ಡ್ಸ್ ಆರು ಅಡಿ ಉದ್ದದ ತೊಟ್ಟಿಯಲ್ಲಿ ನೀರನ್ನು ಗಂಟೆಗಟ್ಟಲೆ ನಿಲ್ಲಿಸಿ, ಕೊಳವೆಗೆ ಕಹಳೆಯ ಬಾಯಿ ಕೂರಿಸಿ, 12 ಸಾವಿರದ ಆಸುಪಾಸಿನವರೆಗೂ ಎಳೆಯನ್ನು ನೇರವಾಗಿ ಉಳಿಸಿದ್ದ. 1961ರಲ್ಲಿ ಫೆನಿಂಗರ್ ಎಂಬ ಸಂಶೋಧಕರು ಒಂದು ಲಕ್ಷದವರೆಗೆ ಒಯ್ದರು. ಹಾಸನದ ಯಂತ್ರ ಯಾಕೆ ಎರಡು ಸಾವಿರಕ್ಕೇ ಕದಡುತ್ತಿತ್ತು ಎಂದು ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಮೂರು ದೊಡ್ಡವು.

ಮೊದಲನೆಯದು ಪಂಪು. ಸ್ಟ್ಯಾಂಡಿಗೇ ಬೋಲ್ಟ್ ಆಗಿರುವುದರಿಂದ ಅದರ ನಡುಕ ಗಾಜಿಗೆ ಬರುತ್ತದೆ, ಮೇಲಿನಿಂದ ಸುರಿಯುವ ಧಾರೆ ತೊಟ್ಟಿಯನ್ನು ಕಲಕುತ್ತಲೇ ಇರುತ್ತದೆ. ಪಂಪು ಓಡುವುದು ನೀರಿನ ಮಟ್ಟ ಬದಲಾಗದಿರಲಿ ಎಂದು. ಅದು ಬೇಕೇ? ತೊಟ್ಟಿಯ ಅಡ್ಡಕೊಯ್ತ 0.36 ಚದರ ಮೀಟರ್. ಎರಡು ಲೀಟರ್ ಹೋದರೆ ಮಟ್ಟ ಇಳಿಯುವುದು 5.6 ಮಿ.ಮೀ. ಅರ್ಧ ಮೀಟರ್ ಎತ್ತರದಲ್ಲಿ ಅದು ಶೇಕಡಾ 1ರಷ್ಟು, ಹರಿವಿನ ಮೇಲೆ ಅದರ ಪರಿಣಾಮ ಶೇಕಡಾ ಅರ್ಧ. ಸ್ಟಾಪ್‌ವಾಚು ಒತ್ತುವ ಬೆರಳಿನ ತಪ್ಪೇ ಇದಕ್ಕಿಂತ ಕಡಿಮೆಯೇನಲ್ಲ. ಹಾಗಾಗಿ ತೊಟ್ಟಿ ತುಂಬಿಸಿ ಪಂಪು ಆರಿಸಿ, ಕನಿಷ್ಠ ಒಂದು ಗಂಟೆ ಬಿಟ್ಟು, ಆಮೇಲೆ ವಾಲ್ವ್ ತೆರೆಯುವುದು. ಕಾಯುವ ಹೊತ್ತಿನಲ್ಲಿ ನೀರು ಕೋಣೆಯ ಉಷ್ಣತೆಗೆ ಹತ್ತಿರ ಬರುತ್ತದೆ ಎಂಬ ಲಾಭವೂ ಇದೆ. ತಾರಸಿಯ ಬಿಸಿನೀರು ತಂಪು ಗಾಜಿನೊಳಗೆ ಹರಿದರೆ ಗೋಡೆಯ ಬಳಿ ತಣಿದು ಇಳಿಯುತ್ತ, ನಡುವೆ ಏರುತ್ತ, ಎಳೆಯನ್ನು ಮಧ್ಯದಿಂದ ಸರಿಸಿಬಿಡುತ್ತದೆ.

ಎರಡನೆಯದು ಬಾಯಿ. ಗಾಜಿನ ಕೊಳವೆ ತೊಟ್ಟಿಯ ಗೋಡೆಯಲ್ಲಿ ರಬ್ಬರ್ ಬುಷ್ ಮೂಲಕ ಹಾದು, ಬುಷ್‌ನ ಅಂಚು ಎರಡು ಮಿ.ಮೀ.ಯಷ್ಟು ದಾರಿಗೆ ಚಾಚಿತ್ತು. ಚೂಪಾದ ಅಂಚಿನಲ್ಲಿ ಹರಿವು ಗೋಡೆ ಬಿಟ್ಟು ಸುಳಿ ಕಟ್ಟುತ್ತದೆ. ಪರಿಹಾರಕ್ಕೆ ದುಡ್ಡೇನೂ ಬೇಕಾಗಲಿಲ್ಲ: 75 ಮಿ.ಮೀ. ಬಾಯಿಯ ಪ್ಲಾಸ್ಟಿಕ್ ಆಲಿಕೆ, ಅದರ ಕತ್ತನ್ನು 24 ಮಿ.ಮೀ. ಇರುವಲ್ಲಿ ಕತ್ತರಿಸಿ, ಒಳಗಿನ ಕೋನವನ್ನು ಎಂ-ಸೀಲ್‌ನಿಂದ ತುಂಬಿ ಕಹಳೆಯ ಬಳುಕು ಕೊಟ್ಟು, ಒಣಗಿದ ಮೇಲೆ 400ರ, ಆಮೇಲೆ 800ರ ವಾಟರ್ ಪೇಪರಿನಿಂದ ಉಜ್ಜಿದ್ದು. ಗಾಜಿಗೆ ಸೇರುವ ಜಾಗದಲ್ಲಿ ಉಗುರು ಎಳೆದರೆ ತಡೆಯಬಾರದು, ಪರೀಕ್ಷೆ ಅಷ್ಟೇ. ಆಲಿಕೆಯ ಮುಂದೆ ಅಗಲಕ್ಕೆ ಸೊಳ್ಳೆಪರದೆಯ ಒಂದು ತುಂಡು.

ಮೂರನೆಯದು ಸೂಜಿ, ಇದು ಸ್ವಾರಸ್ಯದ್ದು. ಬಣ್ಣ ಬಿಡುವ ಸೂಜಿ ಕೊಳವೆಯೊಳಕ್ಕೆ ಅಡ್ಡವಾಗಿ ಇಳಿದು ಬಾಗಿತ್ತು. 22 ಗೇಜಿನ ಸೂಜಿಯ ಹೊರವ್ಯಾಸ 0.72 ಮಿ.ಮೀ. ಅದನ್ನೇ ಅಡ್ಡ ನಿಂತ ಕಂಬ ಎಂದುಕೊಂಡು, ಸೆಕೆಂಡಿಗೆ 7.4 ಸೆಂ.ಮೀ. ವೇಗಕ್ಕೆ 25 ಡಿಗ್ರಿ ನೀರಿನಲ್ಲಿ ಅದರ ರೆನಾಲ್ಡ್ಸ್ ಸಂಖ್ಯೆ ಲೆಕ್ಕ ಹಾಕಿದರೆ 60. ಉರುಳೆಯ ಹಿಂದೆ ಎಡಬಲ ಸುಳಿಗಳು ಉದುರಲು ಶುರುವಾಗುವುದು 47ರ ಹತ್ತಿರ. ಅಂದರೆ ಟರ್ಬುಲೆನ್ಸ್ ನೋಡಲು ಇಳಿಸಿದ ಸೂಜಿಯೇ ಅದನ್ನು ಬಿತ್ತುತ್ತಿತ್ತು. ಅದೇ ಸೂಜಿಯನ್ನು ಆಲಿಕೆಯ ಅಗಲ ಬಾಯಿಗೆ, ಹರಿವಿನ ದಿಕ್ಕಿಗೇ ಮುಖ ಮಾಡಿ ಹಿಡಿದರೆ ಅಲ್ಲಿ ವೇಗ ಹತ್ತರಲ್ಲೊಂದು ಪಾಲು, ಸಂಖ್ಯೆ 6. ಬಣ್ಣಕ್ಕೆ ಮೆಡಿಕಲ್ ಶಾಪಿನ ಡ್ರಿಪ್ ಸೆಟ್ ಬಹಳ ಅನುಕೂಲ. ಅದರ ಉರುಳುಗಾಲಿಯಿಂದ ಧಾರೆಯನ್ನು ಸುತ್ತಲ ನೀರಿನ ವೇಗಕ್ಕೆ ಸರಿಹೊಂದಿಸಬಹುದು. ಬಣ್ಣ ಕಲಸಬೇಕಾದ್ದು ಅದೇ ತೊಟ್ಟಿಯ ನೀರಿನಲ್ಲಿ, ಲೀಟರಿಗೆ 0.2 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ನಲ್ಲಿನೀರಿನಲ್ಲಿ ಕಲಸಿದರೆ ಎರಡು ಮೂರು ಡಿಗ್ರಿಯ ವ್ಯತ್ಯಾಸಕ್ಕೇ ಎಳೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಕೆಲಸ ಮುಗಿದ ಮೇಲೆ ತೊಳೆಯದಿದ್ದರೆ ರಬ್ಬರೆಲ್ಲ ಕಂದು.

ಮೂರನ್ನೂ ಸರಿಪಡಿಸಿದ ಮೇಲೆ ಎಳೆ 4,000 ದಾಟಿಯೂ ನೇರವಾಗಿ ನಿಂತಿತು. ಮೇಜಿಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟರೆ ಸಾಕು, ಇಡೀ ಕೊಳವೆ ಕದಡುತ್ತಿತ್ತು. ಹಾಗಾದರೆ ಕೆಳಗಿನ ಮಿತಿ ಅಳೆಯುವುದು ಹೇಗೆ? ಉಲ್ಟಾ ದಾರಿ ಹಿಡಿಯಬೇಕು. ಬಾಯಲ್ಲಿ ಬೇಕೆಂದೇ ಒಂದು ರಬ್ಬರ್ ಓ-ರಿಂಗ್ ಸಿಕ್ಕಿಸಿ ಗೊಂದಲ ಹುಟ್ಟಿಸಿ, ಹೆಚ್ಚಿನ ಹರಿವಿನಿಂದ ಹಂತಹಂತವಾಗಿ ಇಳಿಯುತ್ತ, ಎಲ್ಲಿ ಕದಡು ಟೇಪಿನವರೆಗೆ ಬಾರದೆ ಸಾಯುತ್ತದೆಂದು ನೋಡುವುದು. ಹೀಗೆ ಇಳಿಯುತ್ತ ಸಿಗುವ ಸಂಖ್ಯೆ ದಿನದಿಂದ ದಿನಕ್ಕೆ ಅಷ್ಟಾಗಿ ಅಲುಗುವುದಿಲ್ಲ, 2,000ದ ಸುತ್ತಲೇ ಬರುತ್ತದೆ. ಏರುತ್ತ ಸಿಗುವುದು ಯಂತ್ರದ ಗುಣ, ಇಳಿಯುತ್ತ ಸಿಗುವುದು ಹರಿವಿನ ಗುಣ. ರೆಕಾರ್ಡಿನಲ್ಲಿ ಎರಡೂ ಬೇಕು.

ಒಂದು ಕೊರತೆ ಮಾತ್ರ ಹಾಗೇ ಉಳಿಯಿತು. ಲ್ಯಾಮಿನಾರ್ ಹರಿವು ಪೂರ್ತಿ ರೂಪ ತಾಳಲು ಬೇಕಾದ ಉದ್ದ, ರೆನಾಲ್ಡ್ಸ್ ಸಂಖ್ಯೆ 2,000ದಲ್ಲಿ ಸುಮಾರು 120 ವ್ಯಾಸ: ಇಲ್ಲಿ 2.9 ಮೀಟರ್. ಕೊಳವೆ ಇರುವುದು ಅದರ ಅರ್ಧ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿರುವ ಪ್ಯಾರಾಬೋಲಾ ಚಿತ್ರವನ್ನು ಈ ಯಂತ್ರದಲ್ಲಿ ಹುಡುಕಬಾರದು. ಮ್ಯಾನೋಮೀಟರ್ ಹಾಕಿ ಘರ್ಷಣೆ ಅಳೆಯುವ ಆಸೆಯೂ ಬೇಡ; ಪೂರ್ತಿ ರೂಪ ತಾಳಿದ ಹರಿವಿನ ಲೆಕ್ಕದಲ್ಲಿ ಇಡೀ ಕೊಳವೆಗೆ ಇಳಿಯುವ ಒತ್ತಡ ಅರ್ಧ ಮಿ.ಮೀ. ನೀರಿನಷ್ಟು, ಬಾಯಿಯ ಬಳಿಯ ಹೆಚ್ಚುವರಿ ನಷ್ಟ ಸೇರಿಸಿದರೂ ಕಣ್ಣಿಗೆ ಸಿಗುವಂಥದ್ದಲ್ಲ.

ನರಸಿಂಹ ಅವರ ಕೆಲಸಕ್ಕೆ ಮರಳಿದರೆ, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಬಳಿ 1961ರಲ್ಲಿ ಪಿಎಚ್‌ಡಿ ಮುಗಿಸಿದ್ದು ಬೇರೆ ವಿಷಯದಲ್ಲಿ, ವಿರಳ ಅನಿಲಗಳ ಹರಿವಿನಲ್ಲಿ. ಬೆಂಗಳೂರಿಗೆ ಬಂದ ಮೇಲೆ ಹಿಡಿದದ್ದು ಮೊದಲ ಪ್ರಶ್ನೆಯ ಬೆನ್ನನ್ನು: ಟರ್ಬುಲೆಂಟ್ ಆದದ್ದು ಮತ್ತೆ ಲ್ಯಾಮಿನಾರ್ ಆಗಬಲ್ಲದೇ? ಆಗಬಲ್ಲದು. ಹರಿವನ್ನು ಜೋರಾಗಿ ವೇಗವರ್ಧಿಸಿದರೆ ಟರ್ಬುಲೆಂಟ್ ಪದರ ಶಾಂತವಾಗುತ್ತದೆ. ವಿದ್ಯಾರ್ಥಿಯಾಗಿದ್ದ ಕೆ.ಆರ್. ಶ್ರೀನಿವಾಸನ್ ಜೊತೆ 1973ರಲ್ಲಿ ಪ್ರಕಟಿಸಿದ ಲೇಖನ, ಆಗ ಟರ್ಬುಲೆಂಟ್ ಏರಿಳಿತಗಳು ಸತ್ತುಹೋಗಿರಬೇಕಿಲ್ಲ, ಬಹುಪಾಲು ಒತ್ತಡದ ಬಲಗಳೆದುರು ಅವುಗಳ ಮಾತು ನಡೆಯದಂತಾಗುತ್ತದೆ ಎಂದು ವಾದಿಸಿತು. ಈ ನಡುವೆ 1971ರಲ್ಲಿ ಇನ್ನಿಬ್ಬರೊಡನೆ, ಗೋಡೆಯ ಬಳಿ ಟರ್ಬುಲೆನ್ಸ್ ಸ್ಫೋಟಿಸುವ ಸರಾಸರಿ ಅವಧಿ ಗೋಡೆಯ ಹತ್ತಿರದ ಅಳತೆಗಳನ್ನಲ್ಲ, ಇಡೀ ಪದರದ ದಪ್ಪ ಮತ್ತು ಹೊರಗಿನ ವೇಗವನ್ನು ಅನುಸರಿಸುತ್ತದೆ ಎಂದು ತೋರಿಸಿದರು. 1984ರಿಂದ 1993ರವರೆಗೆ ಬೆಂಗಳೂರಿನ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್ ನಿರ್ದೇಶಕರಾಗಿದ್ದಾಗಲೂ ಮಳೆಗಾಲದ ಗಾಳಿಯ ತಳಪದರವನ್ನು ಅಳೆಯುವ 1990ರ ಮಾಂಟ್‌ಬ್ಲೆಕ್ಸ್ ಪ್ರಯೋಗದಲ್ಲಿ ತೊಡಗಿದ್ದರು. ಆಮೇಲೆ ತೊಟ್ಟಿಯೊಳಗೆ ಮೋಡ: ಆಮ್ಲ ಬೆರೆಸಿದ ನೀರಿನ ಧಾರೆಗೆ ವಿದ್ಯುತ್ ಹಾಯಿಸಿ ನಡುವೆಯೇ ಬಿಸಿಮಾಡಿ, ಆವಿ ಹನಿಯಾಗುವಾಗ ಮೋಡಕ್ಕೆ ಸಿಗುವ ಶಾಖವನ್ನು ಅಣಕಿಸುವುದು. ಸಕಲೇಶಪುರದ ಕಡೆ ಜೂನ್‌ನಲ್ಲಿ ಹೂಕೋಸಿನಂತೆ ಎದ್ದು ನಿಲ್ಲುವ ಮೋಡ ಆ ಆಕಾರಕ್ಕೆ ಯಾಕೆ ಬರುತ್ತದೆಂಬ ಪ್ರಶ್ನೆಗೆ 2011ರ ಲೇಖನ ಕೊಟ್ಟ ಉತ್ತರ ಆ ಶಾಖವೇ. ಅವರು ತೀರಿಕೊಂಡದ್ದು 2020ರ ಡಿಸೆಂಬರ್‌ನಲ್ಲಿ.

ಟರ್ಬುಲೆಂಟ್‌ನಿಂದ ಲ್ಯಾಮಿನಾರಿಗೆ ವಾಪಸಾಗುವುದನ್ನು ಹಾಸನದ ಲ್ಯಾಬಿನಲ್ಲೂ ತೋರಿಸಬಹುದು, ಖರ್ಚು ಕೆಲವು ನೂರು ರೂಪಾಯಿ. 1978ರಲ್ಲಿ ವಿಶ್ವನಾಥ್, ನರಸಿಂಹ, ಪ್ರಭು ಬಣ್ಣ ಬಿಟ್ಟು ತೋರಿಸಿದ್ದು ಇದನ್ನೇ: ಸುರುಳಿ ಸುತ್ತಿದ ಕೊಳವೆ. ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪು, ಒಳವ್ಯಾಸ 8 ಮಿ.ಮೀ., ಏಳು ಮೀಟರ್ ತನ್ನಿ. ಮೊದಲ ಒಂದು ಮೀಟರ್ ನೇರ, ಆಮೇಲೆ 160 ಮಿ.ಮೀ. ಪಿವಿಸಿ ಪೈಪಿನ ಮೇಲೆ ಎಂಟು ಸುತ್ತು (ಅದಕ್ಕೆ 4.3 ಮೀಟರ್ ಬೇಕು), ಮಿಕ್ಕದ್ದು ಮತ್ತೆ ನೇರ. ಒಂದು ಲೀಟರ್ ತುಂಬಲು 45 ಸೆಕೆಂಡು ಆಗುವಂತೆ ಹರಿವು ನಿಲ್ಲಿಸಿದರೆ 25 ಡಿಗ್ರಿಯಲ್ಲಿ ರೆನಾಲ್ಡ್ಸ್ ಸಂಖ್ಯೆ 4,000. ನೇರ ಭಾಗದಲ್ಲಿ, ಬಾಯಿ ಒರಟಾಗಿದ್ದರೆ, ಇದು ಟರ್ಬುಲೆಂಟ್. ಸುರುಳಿಯ ವ್ಯಾಸ ಕೊಳವೆಯ 20 ಪಟ್ಟು ಇರುವಾಗ ಇಟೊ ಅವರ ಸೂತ್ರದ ಪ್ರಕಾರ ಮಿತಿ 7,600ರ ಆಸುಪಾಸಿಗೆ ಏರುತ್ತದೆ. ತಿರುವಿನಲ್ಲಿ ಹುಟ್ಟುವ ಅಡ್ಡಹರಿವು ಟರ್ಬುಲೆನ್ಸನ್ನು ಅದುಮುತ್ತದೆ. ಸುರುಳಿ ದಾಟಿ ಮತ್ತೆ ನೇರವಾದ ಮೇಲೆ ಕೊನೆಗೆ ಮತ್ತೆ ಕದಡಬಹುದು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಮೊದಲ ನೇರ ಭಾಗದಲ್ಲಿ ಬಣ್ಣ ಬಿಟ್ಟು ಸುರುಳಿಯಲ್ಲಿ ಎಳೆ ಕಾಣಲಿಲ್ಲವೆಂದು ಪ್ರಯೋಗ ವಿಫಲ ಎನ್ನುತ್ತಾರೆ. ಒಮ್ಮೆ ಬೆರೆತ ಬಣ್ಣ ಹರಿವು ಶಾಂತವಾದರೂ ಬೇರ್ಪಡುವುದಿಲ್ಲ. ಬಣ್ಣವನ್ನು ಮೂರು ಕಡೆ ಬೇರೆಬೇರೆಯಾಗಿ ಬಿಡಬೇಕು: ಮೊದಲ ನೇರ ಭಾಗದಲ್ಲಿ, ನಾಲ್ಕನೇ ಸುತ್ತಿನಲ್ಲಿ, ಸುರುಳಿ ಮುಗಿದ ಮೇಲೆ. ಮೆದು ಪಿವಿಸಿ ಆದ್ದರಿಂದ ಸೂಜಿಯನ್ನು ಓರೆಯಾಗಿ ಚುಚ್ಚಿದರೆ ತಾನೇ ಬಿಗಿ ಹಿಡಿಯುತ್ತದೆ, ಸೋರದು. ತುದಿ ಒಳಗೋಡೆಯಿಂದ ಒಂದು ಮಿ.ಮೀ.ಗಿಂತ ಹೆಚ್ಚು ಒಳಹೋಗದಿರಲಿ. ತೊಟ್ಟಿಯ ಮಟ್ಟದಿಂದ ಹೊರಬಾಯಿಗೆ ಅರ್ಧ ಮೀಟರಿನಷ್ಟಾದರೂ ಇಳಿತ ಬೇಕು, ಆದ್ದರಿಂದ ಬಕೆಟ್ ನೆಲದ ಮೇಲೆ. ಸುರುಳಿಯಲ್ಲಿ ಗಾಳಿಗುಳ್ಳೆ ಉಳಿದರೆ ಮೊದಲು ಪೈಪನ್ನು ಪೂರ್ತಿ ಹರಿವಿನಲ್ಲಿ ಬಿಟ್ಟು, ಸುರುಳಿಯನ್ನು ತಲೆಕೆಳಗು ಮಾಡಿ ತಟ್ಟಿ ಹೊರಡಿಸಬೇಕು. ಬಿಸಿಲಲ್ಲಿ ಇಟ್ಟ ಲೆವೆಲ್ ಪೈಪು ಸೊಟ್ಟಗಾಗಿ ಅಡ್ಡಕೊಯ್ತ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಂಥದ್ದನ್ನು ಬಳಸದೆ ಹೊಸದನ್ನು ತರುವುದೇ ಸರಿ.

ರೆಕಾರ್ಡ್ ಪುಟದಲ್ಲಿ ಈಗಿರುವ ಕಾಲಂಗಳು: ನೀರಿನ ಉಷ್ಣತೆ ಪ್ರಯೋಗದ ಮೊದಲು ಮತ್ತು ನಂತರ, ಆ ಉಷ್ಣತೆಯ ವಿಸ್ಕಾಸಿಟಿ, ಹಿಡಿದ ನೀರು ಮತ್ತು ಸಮಯ, ಪಂಪು ಆರಿಸಿ ಎಷ್ಟು ಹೊತ್ತಾಯಿತು, ಏರುತ್ತಲೋ ಇಳಿಯುತ್ತಲೋ, ರೆನಾಲ್ಡ್ಸ್ ಸಂಖ್ಯೆ, ಕದಡಿದ ಪಾಲು. ಲ್ಯಾಮಿನಾರ್, ಟರ್ಬುಲೆಂಟ್ ಎಂದು ಟಿಕ್ ಹಾಕುವ ಕಾಲಂ ತೆಗೆಯಲಾಗಿದೆ.